ಥೇಮ್ಸ್ ನದಿಯ ಮೇಲೆ ಒಂದು ರವಿವಾರ

ನಿರ್ವಾಣೋತ್ಸವದ ನಸುಕಿನಲ್ಲಿ ಬಸದಿಯಲ್ಲಿ ಲಾಡು ಅರ್ಪಿಸಿ, ಅಂಗಡಿಯಲ್ಲಿ ಹೊಸ ವಹಿಗಳ ಪೂಜೆ ಮುಗಿಸಿ, ಮರುದಿನವೇ ಅಕ್ಕಲಕೋಟೆಯಿಂದ ಮುಂಬಯಿಗೆ ಹೊರಟೆವು. ಅದು 2025ರ ದೀಪಾವಳಿ. ಮಕ್ಕಳಿಗೆ ಶಾಲೆಯ ರಜೆ. ಕಾಳುಕಡಿ ವ್ಯಾಪಾರದವರಿಗೆ ಹೊಸ ತೊಗರಿ ಪೇಟೆಗೆ ಬರುವ ಮೊದಲು ಸಿಗುವ ಬಿಡುವು ಅದೊಂದೇ. ನನ್ನ ನಾದಿನಿ ಲಂಡನ್ನಿನ ಹ್ಯಾರೋ ಎಂಬ ಭಾಗದಲ್ಲಿ ಸಂಸಾರ ಹೂಡಿ ಎಂಟು ವರ್ಷಗಳಾಗಿವೆ. "ಅವ್ವ ಒಮ್ಮೆರೆ ನನ್ನ ಮನಿ ನೋಡ್ಲಿ" ಎಂಬ ಅವಳ ಹಟಕ್ಕೆ ಅತ್ತೆಯವರು ಕೊನೆಗೂ ಒಪ್ಪಿದ್ದರು.

ಒಪ್ಪಿಸುವುದು ಸುಲಭವಾಗಿರಲಿಲ್ಲ. ಅತ್ತೆಯವರಿಗೆ ಈಗ 74 ವರ್ಷ. ರಾತ್ರಿ ಭೋಜನ ತ್ಯಾಗದ ನೇಮ ಹಿಡಿದು ನಲವತ್ತು ವರ್ಷ ದಾಟಿದೆ. ಬೆಳಿಗ್ಗೆ ಸೂರ್ಯ ಮೂಡಿ ಎರಡು ಗಳಿಗೆ ಕಳೆದ ಮೇಲೆಯೇ ಬಾಯಿಗೆ ಅನ್ನ. ಸಂಜೆ ಸೂರ್ಯ ಮುಳುಗಲು ಎರಡು ಗಳಿಗೆ ಇರುವಾಗಲೇ ಊಟ ಮುಗಿದಿರಬೇಕು. ಆಮೇಲೆ ಹೊತ್ತು ಮುಳುಗುವ ತನಕ ನೀರು ಮಾತ್ರ, ಅದೂ ಬಟ್ಟೆಯಲ್ಲಿ ಸೋಸಿದ್ದು. ಎರಡು ಗಳಿಗೆ ಎಂದರೆ ಗಡಿಯಾರದ 48 ನಿಮಿಷ. ಇದರ ಮೇಲೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಬೇರೆ. ಬೆಳಿಗ್ಗೆ ಒಂದು ಮಾತ್ರೆ, ಸಂಜೆಯ ಊಟದ ಜೊತೆ ಒಂದು ಮಾತ್ರೆ. "ಆ ದೇಶದಾಗ ಹೊತ್ತು ಯಾವಾಗ ಮೂಡ್ತದೋ ಯಾವಾಗ ಮುಳುಗ್ತದೋ, ನಿಮಗೆಲ್ಲ ನನ್ನ ಸಲುವಾಗಿ ತ್ರಾಸು" ಎನ್ನುತ್ತಿದ್ದರು. "ಅದೆಲ್ಲ ನಮ್ಮ ಜವಾಬ್ದಾರಿ, ನೀ ಬಾ ಅವ್ವಾ" ಎಂದು ಯಜಮಾನರು ಮಾತು ಕೊಟ್ಟರು.

ಆ ಮಾತು ಒಂದು ರವಿವಾರ ಹೇಗೆ ತಪ್ಪಿತು ಎಂಬುದನ್ನೇ ಇಲ್ಲಿ ಬರೆಯಹೊರಟಿದ್ದೇನೆ. ವಿದೇಶ ಪ್ರವಾಸದ ಚಂದವನ್ನಷ್ಟೇ ಬರೆದು ಇದನ್ನು ಮುಚ್ಚಿಟ್ಟರೆ, ಹಿರಿಯರನ್ನು ಕರೆದುಕೊಂಡು ಹೋಗುವ ಇತರ ಮನೆಗಳವರಿಗೆ ಉಪಯೋಗವಾಗದು.

ಹೆಚ್ಚಿಗೆ ಸಿಕ್ಕ ಒಂದು ತಾಸು

ಅಕ್ಟೋಬರ್ 26ರ ಬೆಳಿಗ್ಗೆ ಎದ್ದಾಗ ನಾದಿನಿಯ ಮನೆಯ ಗೋಡೆ ಗಡಿಯಾರದಲ್ಲಿ ಎಂಟು ಗಂಟೆ, ಫೋನಿನಲ್ಲಿ ಏಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಇಂಗ್ಲೆಂಡಿನಲ್ಲಿ ಮಾರ್ಚ್ ತಿಂಗಳ ಕೊನೆಯ ರವಿವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ. ಅಕ್ಟೋಬರ್ ತಿಂಗಳ ಕೊನೆಯ ರವಿವಾರ ನಸುಕಿನ ಎರಡು ಗಂಟೆಗೆ ಮತ್ತೆ ಒಂದು ತಾಸು ಹಿಂದಕ್ಕೆ ತರುತ್ತಾರೆ. ವಿಲಿಯಮ್ ವಿಲೆಟ್ ಎಂಬ ಮನೆ ಕಟ್ಟಿಸುವ ಗುತ್ತೇದಾರ 1907ರಲ್ಲಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ, ಬೇಸಿಗೆಯ ಬೆಳಗಿನ ಬಿಸಿಲನ್ನು ಜನ ಮಲಗಿ ಹಾಳು ಮಾಡುತ್ತಾರೆ, ಗಡಿಯಾರವನ್ನೇ ಮುಂದಿಡೋಣ ಎಂದು ವಾದಿಸಿದ. ಅವನು 1915ರಲ್ಲಿ ತೀರಿಕೊಂಡ. ಮರುವರ್ಷ ಮಹಾಯುದ್ಧದ ಕಾಲದಲ್ಲಿ ಅದು ಕಾನೂನಾಯಿತು.

ನಮಗಂತೂ ಪುಕ್ಕಟೆಯಾಗಿ ಒಂದು ತಾಸು ಸಿಕ್ಕಂತಾಗಿತ್ತು. ಆರಾಮಾಗಿ ಸ್ನಾನ, ದರ್ಶನ, ನಾಷ್ಟಾ ಮುಗಿಸಿದೆವು. ಮಧ್ಯಾಹ್ನಕ್ಕೂ ಸಂಜೆಗೂ ಬೇಕಾದ ಬುತ್ತಿ ಕಟ್ಟಿದೆ. ಊರಿನಿಂದ ತಂದ ಕಡಕ್ ಜೋಳದ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಲ್ಲಿಯೇ ಮಾಡಿದ ಹೆಸರುಕಾಳಿನ ಪಲ್ಯ, ಚಪಾತಿ. ಸೋಸಿದ ನೀರಿನ ಎರಡು ಬಾಟಲಿ. ನಾದಿನಿಗೆ ಆ ದಿನ ಕೆಲಸದ ಪಾಳಿ ಇದ್ದುದರಿಂದ ನಾವು ಐವರೇ ಹೊರಟೆವು.

ಬಂದ ಮೊದಲ ದಿನವೇ ಯಜಮಾನರು ಸಣ್ಣ ಡೈರಿಯಲ್ಲಿ ಸೂರ್ಯಾಸ್ತದ ವೇಳೆ ಬರೆದಿಟ್ಟುಕೊಂಡಿದ್ದರು. ಶನಿವಾರದ್ದು 5.46 ಎಂದಿತ್ತು. ರವಿವಾರಕ್ಕೆ ಒಂದೆರಡು ನಿಮಿಷ ಕಡಿಮೆಯಾದೀತು, 4.45ರೊಳಗೆ ಅವ್ವನ ಊಟ ಆದರೆ ಸಾಕು ಎಂದು ಲೆಕ್ಕ ಹಾಕಿದರು. ಗಡಿಯಾರ ಬದಲಾದದ್ದು ನಮಗೆ ಗೊತ್ತಿತ್ತು. ಆದರೆ ಡೈರಿಯ ಲೆಕ್ಕವೂ ಬದಲಾಗಬೇಕೆಂದು ಐವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನದಿ ಮತ್ತು ಅದರ ದಂಡೆಯ ಗೋದಾಮುಗಳು

ಪಾರ್ಲಿಮೆಂಟಿನ ದೊಡ್ಡ ಗಡಿಯಾರದ ಗೋಪುರದ ಎದುರಿಗೇ ವೆಸ್ಟ್‌ಮಿನ್‌ಸ್ಟರ್ ಬೋಟು ಕಟ್ಟೆ. ಹನ್ನೊಂದಕ್ಕೆ ಬೋಟು ಹೊರಟಿತು. ಗ್ರೀನಿಚ್ ತಲುಪಲು ಸುಮಾರು ಒಂದು ತಾಸು. ಥೇಮ್ಸ್ 346 ಕಿಲೋಮೀಟರು ಉದ್ದದ ನದಿ. ನಮ್ಮ ಭೀಮೆ ಇದರ ಎರಡು ಪಟ್ಟಿಗಿಂತ ಹೆಚ್ಚು ಉದ್ದ. ಆದರೆ ಭೀಮೆಯಲ್ಲಿ ಕಾಣದ ಒಂದು ವಿಶೇಷ ಇಲ್ಲಿದೆ. ಸಮುದ್ರದ ಭರತ ಇಳಿತ ಲಂಡನ್ ಪಟ್ಟಣ ದಾಟಿ ಟೆಡಿಂಗ್‌ಟನ್ ಎಂಬ ಊರಿನ ತನಕ ಒಳಗೆ ಬರುತ್ತದೆ. ಲಂಡನ್ ಸೇತುವೆಯ ಬಳಿ ನೀರು ದಿನಕ್ಕೆರಡು ಸಲ ಏಳು ಮೀಟರಿನವರೆಗೂ ಏರಿ ಇಳಿಯುವುದುಂಟು. ನಾವು ಹೋಗುವಾಗ ದಂಡೆಯ ಕೆಸರು, ಕಲ್ಲು ಎಲ್ಲ ಕಾಣುತ್ತಿತ್ತು. ಬರುವಾಗ ಅದೆಲ್ಲ ಮುಳುಗಿತ್ತು.

ಅತ್ತೆಯವರು ಕಿಟಕಿಯ ಪಕ್ಕ ಕುಳಿತು ಮೊದಲು ಕೇಳಿದ್ದು, "ಈ ನೀರಾಗ ಜೀವ ಅವನು?" ಎಂದು. ಅವರ ಪ್ರಶ್ನೆಗೆ ಉತ್ತರವಾಗಿ ಒಂದು ದೊಡ್ಡ ಕತೆಯೇ ಇದೆ. ಊರಿನ ಹೊಲಸೆಲ್ಲ ನದಿಗೆ ಸೇರಿ 1858ರ ಬೇಸಿಗೆಯಲ್ಲಿ ಎಂಥ ದುರ್ವಾಸನೆ ಎದ್ದಿತೆಂದರೆ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವುದೇ ದುಸ್ತರವಾಯಿತು. ಆ ಮೇಲೆ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಇಂಜಿನಿಯರು ದಂಡೆಯುದ್ದಕ್ಕೂ ದೊಡ್ಡ ಗಟಾರುಗಳನ್ನು ಕಟ್ಟಿಸಿದರು. ಆದರೂ ಕಾರಖಾನೆಗಳ ಮತ್ತು ಜನಸಂಖ್ಯೆಯ ಭಾರಕ್ಕೆ ನದಿ ಮತ್ತೆ ಕೆಟ್ಟಿತು. 1957ರಲ್ಲಿ ತಜ್ಞರು ಲಂಡನ್ನಿನ ಥೇಮ್ಸ್ ಸತ್ತ ನದಿ ಎಂದೇ ಹೇಳಿದರು. ಅನಂತರ ಹೊಲಸು ನೀರನ್ನು ಶುದ್ಧ ಮಾಡಿಯೇ ಬಿಡುವ ಏರ್ಪಾಡು ಬಲವಾಯಿತು. ಇಂದು ಅದೇ ನೀರಿನಲ್ಲಿ ನೂರಕ್ಕೂ ಹೆಚ್ಚು ಜಾತಿಯ ಮೀನುಗಳಿವೆ, ಸಮುದ್ರದ ಸೀಲ್ ಪ್ರಾಣಿಗಳೂ ಬಂದು ಹೋಗುತ್ತವೆ. ಮಳೆಗಾಲದಲ್ಲಿ ಉಕ್ಕುವ ಗಟಾರಿನ ನೀರನ್ನು ತಡೆಯಲು ನದಿಯ ಕೆಳಗೆ ತೋಡಿದ 25 ಕಿಲೋಮೀಟರಿನ ಸುರಂಗಕ್ಕೆ 2025ರ ಫೆಬ್ರುವರಿಯಲ್ಲಿ ಎಲ್ಲ ಗಟಾರುಗಳ ಜೋಡಣೆ ಮುಗಿಯಿತು. ಮಗಳು ಇದನ್ನೆಲ್ಲ ಓದಿ ಹೇಳಿದಾಗ ಅತ್ತೆಯವರು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು. "ಸತ್ತ ಹೊಳಿಗೆ ಜೀವ ಬರಿಸ್ಯಾರಂದ್ರ ದೊಡ್ಡ ಪುಣ್ಯ" ಎಂದರು.

ಯಜಮಾನರ ಕಣ್ಣೆಲ್ಲ ದಂಡೆಯ ಗೋದಾಮುಗಳ ಮೇಲೆ. ಟವರ್ ಸೇತುವೆ ದಾಟಿದ ಕೂಡಲೇ ಬಲಕ್ಕೆ ಬಟ್ಲರ್ಸ್ ವಾರ್ಫ್ ಎಂಬ ಉದ್ದನೆಯ ಇಟ್ಟಿಗೆಯ ಕಟ್ಟಡಗಳ ಸಾಲು. 1870ರ ದಶಕದಲ್ಲಿ ಕಟ್ಟಿದ್ದು. ಪೂರ್ವ ದೇಶಗಳಿಂದ ಬಂದ ಚಹಾ, ಮೆಣಸು, ದಾಲ್ಚಿನ್ನಿ, ಲವಂಗ ಎಲ್ಲ ಇಲ್ಲಿಯೇ ಇಳಿದು ಇಲ್ಲಿಂದಲೇ ಹಂಚಿಕೆಯಾಗುತ್ತಿತ್ತು. ದೊಡ್ಡ ಪೆಟ್ಟಿಗೆಗಳಲ್ಲಿ ಮಾಲು ಸಾಗಿಸುವ ಹಡಗುಗಳು ಬಂದ ಮೇಲೆ, ಅವುಗಳಿಗೆ ಆಳ ನೀರು ಬೇಕಾಗಿ, ವ್ಯಾಪಾರ ಸಮುದ್ರದ ಕಡೆಗೆ ಸರಿಯಿತು. 1972ರಲ್ಲಿ ಈ ಗೋದಾಮುಗಳು ಮುಚ್ಚಿದವು. ಈಗ ಅವೆಲ್ಲ ಸಿರಿವಂತರ ಮನೆಗಳು. ಆದರೆ ಹೆಸರುಗಳಲ್ಲಿ ಹಳೆಯ ಪೇಟೆ ಉಳಿದಿದೆ: ದಾಲ್ಚಿನ್ನಿಯ ಹೆಸರಿನದೊಂದು ಕಟ್ಟಡ, ಏಲಕ್ಕಿಯದೊಂದು, ಲವಂಗದ್ದೊಂದು. "ವ್ಯಾಪಾರ ಹೋದ ಮ್ಯಾಲೆ ಹೆಸರಷ್ಟೇ" ಎಂದು ಯಜಮಾನರು ನಕ್ಕರು. ನಮ್ಮ ಅಡತಿ ಓಣಿಯಲ್ಲೂ ಮುಚ್ಚಿದ ಅಂಗಡಿಗಳಿವೆ. ಆ ನಗುವಿನ ಅರ್ಥ ನನಗೆ ತಿಳಿಯಿತು.

ಬೋಟಿನಲ್ಲಿ ಸಣ್ಣ ಉಪಾಹಾರದ ಕಟ್ಟೆ ಇತ್ತು. ಮಗನಿಗೆ ಅಲ್ಲಿನ ಆಲೂಗಡ್ಡೆಯ ಚಿಪ್ಸ್ ಬೇಕು. ಅವನು ಆರನೇ ಇಯತ್ತೆಯವನು. "ಎಲ್ಲಾರೂ ಕೊಂಡು ತಿಂತಾರ, ನಾವಷ್ಟೇ ಯಾಕ ಡಬ್ಬಿ ಹೊತ್ತು ತಿರಗಬೇಕು?" ಎಂದು ಮುಖ ಊದಿಸಿದ. ಅಜ್ಜಿಗೆ ಕೇಳಿಸಿತೋ ಇಲ್ಲವೋ, ಅವರು ಚೀಲದಿಂದ ಶೇಂಗಾ ಹೋಳಿಗೆ ತೆಗೆದು ಅವನ ಕೈಗಿಟ್ಟರು.

ಗಡಿಯಾರದ ತವರಿನಲ್ಲಿ

ಗ್ರೀನಿಚ್ ಎಂದರೆ ಗಡಿಯಾರದ ತವರು. ಬೋಟಿನಿಂದ ಇಳಿದ ಕೂಡಲೇ ಕಟಿ ಸಾರ್ಕ್ ಎಂಬ ಹಳೆಯ ಹಾಯಿ ಹಡಗು ಕಾಣುತ್ತದೆ. 1869ರಲ್ಲಿ ಚೀನದಿಂದ ಚಹಾ ತರಲು ಕಟ್ಟಿದ್ದು. 2007ರಲ್ಲಿ ಬೆಂಕಿ ಬಿದ್ದು, ದುರಸ್ತಿಯಾಗಿ, 2012ರಲ್ಲಿ ಮತ್ತೆ ಜನರಿಗೆ ತೆರೆಯಿತು. ಉದ್ಯಾನದ ಬೆಂಚಿನ ಮೇಲೆ ಹನ್ನೆರಡೂವರೆಗೆ ಬುತ್ತಿ ಬಿಚ್ಚಿ ಎಲ್ಲರೂ ಉಂಡೆವು. ಆಮೇಲೆ ನಿಧಾನವಾಗಿ ಗುಡ್ಡ ಹತ್ತಿದೆವು.

ಗುಡ್ಡದ ಮೇಲಿನ ವೇಧಶಾಲೆಯನ್ನು ಎರಡನೆಯ ಚಾರ್ಲ್ಸ್ ರಾಜ 1675ರಲ್ಲಿ ಸ್ಥಾಪಿಸಿದ. ಹಡಗುಗಳು ನಡುಸಮುದ್ರದಲ್ಲಿ ತಾವು ಎಲ್ಲಿದ್ದೇವೆಂದು ತಿಳಿಯಲು ಸರಿಯಾದ ವೇಳೆ ಬೇಕು. ಅದಕ್ಕಾಗಿ ನಕ್ಷತ್ರಗಳ ಲೆಕ್ಕ ಬೇಕು. ಇಲ್ಲಿನ ಛಾವಣಿಯ ಮೇಲೆ ಒಂದು ಕೆಂಪು ಚೆಂಡು ಇದೆ. ನದಿಯಲ್ಲಿ ನಿಂತ ಹಡಗಿನವರು ತಮ್ಮ ಗಡಿಯಾರ ಸರಿಮಾಡಿಕೊಳ್ಳಲೆಂದು 1833ರಿಂದ ಮಧ್ಯಾಹ್ನ ಒಂದು ಗಂಟೆಗೆ ಅದನ್ನು ಕೆಳಗೆ ಬೀಳಿಸುವ ಪದ್ಧತಿ. ನಾವು ಹತ್ತುವಷ್ಟರಲ್ಲಿ ಒಂದೂವರೆಯಾಗಿತ್ತು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ, ಇಲ್ಲಿ ಹಾಯುವ ರೇಖೆಯನ್ನೇ ಸೊನ್ನೆಯ ರೇಖಾಂಶವೆಂದು ನಿಶ್ಚಯಿಸಿದರು. ನಮ್ಮ ಭಾರತದ ವೇಳೆ ಇದಕ್ಕಿಂತ ಐದೂವರೆ ತಾಸು ಮುಂದೆ. ಮಕ್ಕಳು ಆ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೋ ತೆಗೆಸಿಕೊಂಡರು.

ವೇಧಶಾಲೆಯ ಬಾಗಿಲ ಗೋಡೆಯಲ್ಲಿ 1852ರ ಒಂದು ಗಡಿಯಾರ ಇದೆ. ಅದರ ಮುಖದ ಮೇಲೆ 24 ತಾಸುಗಳು. ಊರೆಲ್ಲ ಬೇಸಿಗೆಯಲ್ಲಿ ಗಡಿಯಾರ ಮುಂದಿಟ್ಟರೂ ಇದು ಮಾತ್ರ ತನ್ನ ಮೂಲ ವೇಳೆಯನ್ನು ಬಿಡುವುದಿಲ್ಲ. ಅಂದು ಅದೂ ನಮ್ಮ ಫೋನೂ ಒಂದೇ ವೇಳೆ ತೋರಿಸುತ್ತಿದ್ದವು. "ನಿನ್ನೆ ಬಂದಿದ್ದರೆ ಒಂದು ತಾಸಿನ ಅಂತರ ಕಾಣುತ್ತಿತ್ತು" ಎಂದು ಯಜಮಾನರು ಮಕ್ಕಳಿಗೆ ತಿಳಿಸಿ ಹೇಳಿದರು. ಡೈರಿ ಅವರ ಕಿಸೆಯಲ್ಲೇ ಇತ್ತು. ಅಷ್ಟು ಹೇಳಿದವರಿಗೂ ಅದರೊಳಗಿನ 5.46 ನೆನಪಾಗಲಿಲ್ಲ. ಪಕ್ಕದಲ್ಲಿ ನಿಂತ ನನಗೂ ಆಗಲಿಲ್ಲ.

ಹೊತ್ತು ಇಳಿದದ್ದು

ಮೂರೂವರೆಗೆ ಬೋಟಿನ ಕಟ್ಟೆಗೆ ಬಂದೆವು. ರಜೆಯ ರವಿವಾರ, ಉದ್ದನೆಯ ಸಾಲು. ಒಂದು ಬೋಟು ತುಂಬಿ ಹೋಯಿತು. ಅತ್ತೆಯವರು ಕೈಯನ್ನು ಹಣೆಗೆ ಅಡ್ಡ ಹಿಡಿದು ಪಡುವಣಕ್ಕೆ ನೋಡಿ, "ತಮ್ಮಾ, ಹೊತ್ತ ಇಳಿಲಾಕತ್ತದಲ್ಲ?" ಎಂದರು. "ಇನ್ನೂ ಎರಡು ತಾಸು ಅದ ಅವ್ವಾ. ಆ ಕಡೆ ಇಳಿದು ಆರಾಮಾಗಿ ಊಟ ಮಾಡೋಣ" ಎಂದು ಯಜಮಾನರು ಡೈರಿ ನೋಡಿ ಹೇಳಿದರು. ನಾಲ್ಕಕ್ಕೆ ಬೋಟು ಹತ್ತಿದೆವು. ಹತ್ತು ನಿಮಿಷಕ್ಕೆ ಮತ್ತೆ, "ನೆರಳು ಉದ್ದ ಆದುವಲ್ಲ" ಎಂದರು. ನಾನೇ, "ಇಲ್ಲಿ ಸೂರ್ಯ ಯಾವಾಗಲೂ ಕೆಳಗೇ ಇರ್ತಾನ್ರೀ ಅತ್ತಿ" ಎಂದು ಸಮಾಧಾನ ಮಾಡಿದೆ. ಮೂರನೆಯ ಸಲ ಅವರು ಹೇಳಲಿಲ್ಲ.

ನದಿ ತಿರುವು ತೆಗೆದುಕೊಂಡು ಎದುರಿಗೆ ಸೂರ್ಯ ಬಂದಾಗ ನನಗೇ ಎದೆ ಧಸಕ್ಕೆಂದಿತು. ಕೆಂಪಾಗಿ, ಮನೆಗಳ ಮಾಳಿಗೆಯ ಮಟ್ಟಕ್ಕೆ ಇಳಿದಿದ್ದ. ಮಗಳು ಫೋನು ತೆಗೆದು ನೋಡಿ, "ಅಪ್ಪಾ, ಇವತ್ತ ಸೂರ್ಯಾಸ್ತ 4.44!" ಎಂದಳು. ಆಗ ವೇಳೆ 4.20. ಗಡಿಯಾರ ಒಂದು ತಾಸು ಹಿಂದೆ ಬಂದಾಗ ಸೂರ್ಯಾಸ್ತದ ಅಂಕಿಯೂ ಒಂದು ತಾಸು ಹಿಂದೆ ಬರುತ್ತದೆ. ಇಷ್ಟು ಸರಳ ಲೆಕ್ಕ. ದಿನಾ ಲಕ್ಷದ ಲೆಕ್ಕ ಬರೆಯುವ ಮನೆಯಲ್ಲಿ ತಪ್ಪಿತು.

ಯಜಮಾನರು ಗಡಬಡಿಸಿ ಡಬ್ಬಿ ಬಿಚ್ಚಿದರು. "ಇನ್ನೂ ಇಪ್ಪತ್ತು ನಿಮಿಷ ಅದ, ಎರಡು ತುತ್ತರೆ ತಿನ್ನು ಅವ್ವಾ, ಗುಳಿಗಿ ತಗೋಬೇಕು." ಅತ್ತೆಯವರು ಡಬ್ಬಿಯ ಮುಚ್ಚಳ ಹಾಕಿದರು. "ಎರಡು ಗಳಿಗಿ ದಾಟಿ ಹೋತು ತಮ್ಮಾ. ನೀರು ಕೊಡು." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಸೋಸಿದ ನೀರನ್ನು ಒಂದು ಲೋಟ ಕುಡಿದರು. ಟವರ್ ಸೇತುವೆಯ ದೀಪಗಳು ಹತ್ತಿದಾಗ ಕಣ್ಣು ಮುಚ್ಚಿ ಣಮೋಕಾರ ಹೇಳಿಕೊಳ್ಳುತ್ತಿದ್ದರು. ಸುತ್ತ ಎಲ್ಲರೂ ಸೇತುವೆಯ ಫೋಟೋ ತೆಗೆಯುತ್ತಿದ್ದರು. ನಮ್ಮ ಮಗ ತೆಗೆಯಲಿಲ್ಲ. ಅಜ್ಜಿಯ ಪಕ್ಕ ಬಂದು ಕುಳಿತ.

ನಮಗೆ ಇದ್ದದ್ದು ಬರಿಯ ಬೇಸರವಲ್ಲ, ಭಯ. ಮಧ್ಯಾಹ್ನ ಹನ್ನೆರಡೂವರೆಗೆ ಉಂಡವರು ಮರುದಿನ ಬೆಳಿಗ್ಗೆ ಏಳೂವರೆಯ ತನಕ, ಅಂದರೆ 19 ತಾಸು ಅನ್ನವಿಲ್ಲದೆ ಇರಬೇಕು. ನಮ್ಮೂರಿನಲ್ಲಿ ಆಗ ರಾತ್ರಿ ಹತ್ತು ದಾಟಿತ್ತು. ಸಂಕೋಚಪಡುತ್ತಲೇ ಮನೆಯ ವೈದ್ಯರಿಗೆ ಫೋನು ಮಾಡಿದೆವು. "ಊಟವಿಲ್ಲದೆ ಸಂಜೆಯ ಮಾತ್ರೆ ಕೊಡಬೇಡಿ. ರಾತ್ರಿ ಸಕ್ಕರೆಯ ಪ್ರಮಾಣ ನೋಡುತ್ತಿರಿ. ಬೆವರು, ನಡುಕ, ತಲೆಸುತ್ತು ಬಂದರೆ ನೇಮ ಗೀಮ ನೋಡಬೇಡಿ, ಕೂಡಲೇ ಸಕ್ಕರೆ ಕೊಡಿ" ಎಂದರು. ಅದನ್ನು ಅತ್ತೆಯವರಿಗೆ ಇದ್ದ ಹಾಗೆಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗೇನರೆ ಆದ್ರ ಕೊಡ್ರಿ. ಊರಿಗೆ ಹೋದ ಮ್ಯಾಲೆ ಮಹಾರಾಜರ ಹತ್ರ ಪ್ರಾಯಶ್ಚಿತ್ತ ತಗೋತೀನಿ" ಎಂದರು. ಆ ಒಂದು ಮಾತಿನಿಂದ ನಮಗೆ ಉಸಿರು ಬಂತು.

ಆ ರಾತ್ರಿ ಅವರ ಹಾಸಿಗೆಯ ಪಕ್ಕ ಕುಳಿತೆ. ಹನ್ನೊಂದಕ್ಕೆ, ಎರಡಕ್ಕೆ, ಐದಕ್ಕೆ ಬೆರಳು ಚುಚ್ಚಿ ನೋಡಿದೆ. ಪ್ರಮಾಣ ಸರಿಯಾಗಿಯೇ ಇತ್ತು. ಐದಕ್ಕೆ ಎಚ್ಚರವಾದವರು ನನ್ನನ್ನು ನೋಡಿ, "ನೀ ಯಾಕ ಮಲಗಿಲ್ಲ?" ಎಂದು ಕೇಳಿದರು. "ನೀವು ಎರಡು ಸಲ ಹೇಳಿದ್ರಿ, ನಾವು ಕೇಳಲಿಲ್ಲ" ಎಂದೆ. "ನೀವು ಗಡಿಯಾರ ನೋಡಿದ್ರಿ, ನಾ ಹೊತ್ತು ನೋಡಿದೆ. ಆದ್ರ ನನಗೂ ಧೈರ್ಯ ಸಾಲಲಿಲ್ಲ. ಪರದೇಶ, ನಿಮಗ ಗೊತ್ತಿರ್ತದ ಅಂತ ಸುಮ್ಮನಾದೆ. ನಾ ಊಟಕ್ಕ ಕೂತುಬಿಡಬೇಕಿತ್ತು" ಎಂದರು. ಬೆಳಿಗ್ಗೆ ಏಳೂವರೆ ದಾಟಿದ ಮೇಲೆ ಹೆಸರುಬೇಳೆಯ ಗಂಜಿ ಕುಡಿದು ಎಂದಿನಂತೆ ಎದ್ದು ಓಡಾಡಿದರು.

ಪ್ರವಾಸಕ್ಕೆ ಹೊರಡುವವರಿಗೆ

ಇದರಿಂದ ನಾವು ಕಲಿತದ್ದನ್ನು ವಾಚಕರ ಮುಂದೆ ಇಡುತ್ತೇನೆ.

ನೇಮ ಇರುವುದು ಸೂರ್ಯನಿಗೆ, ಗಡಿಯಾರಕ್ಕಲ್ಲ. ನಮ್ಮೂರಿನಲ್ಲಿಯೂ ಗಡಿಯಾರದ ಹನ್ನೆರಡಕ್ಕೆ ಸೂರ್ಯ ನೆತ್ತಿಗೆ ಬರುವುದಿಲ್ಲ. ಭಾರತದ ವೇಳೆಯ ರೇಖೆ ನಮಗಿಂತ ಪೂರ್ವಕ್ಕಿರುವುದರಿಂದ ಸರಾಸರಿ 25 ನಿಮಿಷ ತಡ. ಸೋಲಾಪುರ ಸೀಮೆಯಲ್ಲಿ ವರ್ಷವಿಡೀ ನೋಡಿದರೂ ಸೂರ್ಯಾಸ್ತದ ಅಂತರ ಸುಮಾರು ಒಂದೂಕಾಲು ತಾಸು. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ರಾತ್ರಿ 9.20ರ ಸುಮಾರಿಗೆ, ಡಿಸೆಂಬರಿನಲ್ಲಿ ನಾಲ್ಕು ಗಂಟೆಯೂ ಆಗುವ ಮೊದಲೇ ಹೊತ್ತು ಮುಳುಗುತ್ತದೆ. ಆದ್ದರಿಂದ ಆಯಾ ಊರಿನ, ಆಯಾ ದಿನದ ವೇಳೆಯನ್ನು ಅದೇ ದಿನ ಬೆಳಿಗ್ಗೆ ನೋಡಬೇಕು. ಹಿಂದಿನ ದಿನದ ಲೆಕ್ಕ ನಂಬಬಾರದು.

ಸಂಜೆಯ ಊಟವನ್ನು ಬೋಟು, ರೈಲು ಹತ್ತುವ ಮೊದಲೇ ಮುಗಿಸಿಬಿಡಬೇಕು. ಆ ಕಡೆ ಇಳಿದು ಉಣ್ಣೋಣ ಎನ್ನಬಾರದು. ಸಾಲು, ಮಳೆ, ವಿಳಂಬ ಯಾವುದೂ ನಮ್ಮ ಕೈಯಲ್ಲಿಲ್ಲ.

ಸಕ್ಕರೆ ಕಾಯಿಲೆ ಇರುವ ಹಿರಿಯರ ವಿಷಯದಲ್ಲಿ, ಊಟ ತಪ್ಪಿದರೆ ಮಾತ್ರೆ ಏನು ಮಾಡಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆಪತ್ತಿನಲ್ಲಿ ಏನು ಮಾಡಬೇಕೆಂದು ಹಿರಿಯರ ಬಾಯಿಂದಲೇ ಮೊದಲೇ ಕೇಳಿ ತಿಳಿದಿರಿ.

ಬ್ರಿಟನ್ನಿಗೆ ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಅನುಮತಿ ಇಲ್ಲ. ಪೇಢೆ, ಖವಾ ಕಟ್ಟಬೇಡಿ. ಕಡಕ್ ರೊಟ್ಟಿ, ಒಣ ಚಟ್ನಿ ಚೆನ್ನಾಗಿ ಬಾಳುತ್ತವೆ. ಅಲ್ಲಿನ ಪೊಟ್ಟಣಗಳ ಮೇಲೆ ಶಾಕಾಹಾರಿ ಎಂದು ಬರೆದಿದ್ದರೂ ತತ್ತಿ ಇರಬಹುದು. ವೇಗನ್ ಎಂದಿದ್ದರೆ ಹಾಲು ತತ್ತಿ ಇರುವುದಿಲ್ಲ, ಆದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ ಇರಬಹುದು. ಪೂರ್ತಿ ಪಟ್ಟಿ ಓದಿಯೇ ಕೊಳ್ಳಬೇಕು. ಸಮಯವಿದ್ದವರು ಲೆಸ್ಟರ್ ಪಟ್ಟಣದ ಜೈನ ಕೇಂದ್ರಕ್ಕೆ ಹೋಗಿ ಬನ್ನಿ. ದಿಗಂಬರ, ಶ್ವೇತಾಂಬರ ಎರಡೂ ಮಂದಿರಗಳು ಅಲ್ಲಿ ಒಂದೇ ಸೂರಿನಡಿ ಇವೆ.

ಎಲ್ಲಕ್ಕಿಂತ ಮುಖ್ಯ, ನೇಮ ಹಿಡಿದವರು "ಹೊತ್ತು ಇಳಿಯಿತು" ಎಂದರೆ ತಲೆ ಎತ್ತಿ ಆಕಾಶ ನೋಡಿ. ಅವರಿಗೆ ಹೊಸ ಊರಿನ ರೈಲು, ಬೋಟು ತಿಳಿಯದಿರಬಹುದು. ಹೊತ್ತು ತಿಳಿಯುತ್ತದೆ.

ಉಳಿದ ದಿನಗಳಲ್ಲಿ ಡೈರಿ ಮಗನ ಕೈಗೆ ಹೋಯಿತು. ದಿನಾ ಬೆಳಿಗ್ಗೆ ಸೂರ್ಯಾಸ್ತದ ವೇಳೆ ಬರೆದು, ಅದರಲ್ಲಿ 48 ನಿಮಿಷ ಕಳೆದು, "ಆಯಿ, ಇವತ್ತ ಮೂರು ಐವತ್ತು" ಎಂದು ಅಜ್ಜಿಗೆ ಹೇಳುತ್ತಿದ್ದ. ಡಬ್ಬಿಯ ಚೀಲವನ್ನೂ ಅವನೇ ಹೊತ್ತ.

ಊರಿಗೆ ಬಂದ ಮೇಲೆ ನಾವೆಲ್ಲ ನೇಮ ಹಿಡಿದೆವು ಎಂದು ಬರೆದರೆ ಸುಳ್ಳಾಗುತ್ತದೆ. ಅಂಗಡಿ ಮುಚ್ಚಿ ಬರುವಾಗ ರಾತ್ರಿ ಒಂಬತ್ತು. ವ್ಯಾಪಾರಸ್ಥರ ಮನೆಗಳಲ್ಲಿ ಈ ಕಷ್ಟ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅಂಗಡಿಗೆ ರಜೆ ಇರುವ ದಿನ ಅತ್ತೆಯವರು ಒಬ್ಬರೇ ಕುಳಿತು ಉಣ್ಣುವುದಿಲ್ಲ. ಹೊತ್ತು ಇರುವಾಗಲೇ ಐದೂ ತಾಟು ಒಟ್ಟಿಗೆ ಹಾಕುತ್ತೇನೆ.